ಜಿಂಕೆಗೆ ಕಾಣದ ಬಿಲ್ಲುಗಾರ

ಬೇಟೆ ಸಪ್ತವ್ಯಸನಗಳಲ್ಲಿ ಒಂದು. ಜೂಜು, ಮಾಂಸ, ಮದ್ಯಗಳ ಸಾಲಿನಲ್ಲಿ ಅದನ್ನೂ ಪಾಠಶಾಲೆಯ ಮಗು ತಡವರಿಸದೆ ಒಪ್ಪಿಸುತ್ತದೆ. ದೊಡ್ಡವರಾದ ಮೇಲೆ ಉಳಿದ ಆರರ ಬಗ್ಗೆ ಒಂದಿಷ್ಟು ಆತ್ಮಪರೀಕ್ಷೆ ನಡೆದೀತು. ಬೇಟೆಯ ಬಗ್ಗೆ ನಡೆಯುವುದಿಲ್ಲ. ಶ್ರಾವಕ ಸಮಾಜದಲ್ಲಿ ಬಿಲ್ಲು ಹಿಡಿದವರು ಯಾರೂ ಇಲ್ಲವಾದ್ದರಿಂದ ಆ ಬಾಬ್ತಿನ ಎದುರು ಸೊನ್ನೆ ಬರೆದು ಪುಟ ತಿರುವಲಾಗುತ್ತದೆ. ಆದರೆ ಲೆಕ್ಕಪತ್ರ ಬಲ್ಲವರಿಗೆ ಒಂದು ಮಾತು ಗೊತ್ತು: ವರ್ಷದಿಂದ ವರ್ಷಕ್ಕೆ ಯಾರೂ ಪರಿಶೀಲಿಸದೆ ಸಾಗಿ ಬಂದ ಸೊನ್ನೆಯಷ್ಟು ಅನುಮಾನಕ್ಕೆ ಅರ್ಹವಾದ ಅಂಕಿ ಮತ್ತೊಂದಿಲ್ಲ. ಈ ಸೊನ್ನೆಯನ್ನು ಚೆನ್ನೈ ನಗರದ ನಡುವೆ, ಗಿಂಡಿಯ ಜಿಂಕೆಗಳ ಮುಂದಿಟ್ಟು ಪರಿಶೀಲಿಸಬೇಕಾಗಿದೆ. ಅದಕ್ಕೂ ಮೊದಲು ಬೇಟೆಯೆಂದರೆ ನಿಜವಾಗಿ ಏನೆಂಬುದನ್ನು ಬೇಟೆಗಾರನಿಂದಲೇ ತಿಳಿಯಬೇಕು.

ಮೂವರು ಕಾವಲುಗಾರರು

ಅಮೆರಿಕದ ಟೆಕ್ಸಾಸ್ ಮತ್ತು ಹವಾಯಿಗಳಲ್ಲಿ ಇಂದು ಬಿಲ್ಲುಬೇಟೆಗೆ ಗುರಿಯಾಗುವ ಪ್ರಾಣಿಗಳಲ್ಲಿ ಭಾರತದ ಚುಕ್ಕೆ ಜಿಂಕೆಯೂ ಸೇರಿದೆ. ಗಿಂಡಿಯಲ್ಲಿ ಮೇಯುವ ಜಿಂಕೆಯ ಕುಲವೇ ಅದು. ಹವಾಯಿಗೆ 1860ರ ದಶಕದಲ್ಲಿ ಅರಸನಿಗೆ ಉಡುಗೊರೆಯಾಗಿ ಹೋಯಿತು. ಟೆಕ್ಸಾಸಿಗೆ 1932ರಲ್ಲಿ ಹೋಯಿತು. ಅಲ್ಲಿನ ಬಿಲ್ಲುಗಾರರಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ ಕೂರುವವರಿಗಿಂತ ನೆಲದ ಮೇಲೆ ನಿಂತು ಬಾಣ ಬಿಡುವವನಿಗೆ ಹೆಚ್ಚಿನ ಮಾನ. ಅಟ್ಟಣೆಯಲ್ಲಿರುವವನು ಪ್ರಾಣಿಯ ದೃಷ್ಟಿಗೂ ಮೂಗಿಗೂ ಮೇಲಿರುತ್ತಾನೆ. ನೆಲದ ಮೇಲಿರುವವನು ಜಿಂಕೆಯ ಕಣ್ಣಿನ ಮಟ್ಟದಲ್ಲಿಯೇ, ಇಪ್ಪತ್ತು ಮೂವತ್ತು ಮೀಟರು ಅಂತರದಲ್ಲಿ, ಇದ್ದೂ ಇಲ್ಲದವನಾಗಬೇಕು. ಬಾಣ ಬಿಡುವುದು ಒಂದು ಕ್ಷಣದ ಕೆಲಸ. ಕಾಣದಂತಿರುವುದು ಇಡೀ ದಿನದ ಕೆಲಸ. ಮಲೆನಾಡಿನ ಹಳೆಯ ಬೇಟೆಗಾರರು ಇದನ್ನೇ ‘ಮರಸು ಕೂರುವುದು’ ಎನ್ನುತ್ತಿದ್ದರು.

ಜಿಂಕೆಗೆ ಮೂವರು ಕಾವಲುಗಾರರಿದ್ದಾರೆ: ಮೂಗು, ಕಣ್ಣು, ಕಿವಿ. ಮೊದಲನೆಯದು ಮೂಗು. ಮನುಷ್ಯನ ಬೆವರಿನ ಎಳೆಯೊಂದು ಗಾಳಿಯಲ್ಲಿ ತೇಲಿ ಬಂದರೂ ಹಿಂಡು ಚದುರುತ್ತದೆ. ಆದ್ದರಿಂದ ಬೇಟೆಗಾರ ಗಾಳಿಯು ಜಿಂಕೆಯ ಕಡೆಯಿಂದ ತನ್ನ ಮುಖಕ್ಕೆ ಬೀಸುವಂತೆ ಜಾಗ ಆರಿಸುತ್ತಾನೆ. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಮೇಲಕ್ಕೇರುತ್ತದೆ, ಸಂಜೆಯ ತಂಪಿಗೆ ಕೆಳಕ್ಕಿಳಿಯುತ್ತದೆ. ಅದನ್ನು ಲೆಕ್ಕ ಹಾಕಿ ಬೆಳಗಿಗೊಂದು, ಸಂಜೆಗೊಂದು ಎಡೆ ಹುಡುಕುತ್ತಾನೆ. ಬಟ್ಟೆಯನ್ನು ವಾಸನೆಯಿಲ್ಲದ ಸಾಬೂನಿನಲ್ಲಿ ಒಗೆಯುತ್ತಾನೆ.

ಎರಡನೆಯದು ಕಣ್ಣು. ಜಿಂಕೆಯ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಬೆನ್ನ ಹಿಂದಿನ ಸ್ವಲ್ಪ ಭಾಗವನ್ನು ಬಿಟ್ಟು ಸುತ್ತಲೂ ಅದಕ್ಕೆ ಕಾಣುತ್ತದೆ. ಕೆಂಪು, ಕಿತ್ತಳೆ ಬಣ್ಣಗಳನ್ನು ಅದು ಸರಿಯಾಗಿ ಗುರುತಿಸಲಾರದು, ನೀಲಿಯನ್ನು ಚೆನ್ನಾಗಿ ಗುರುತಿಸುತ್ತದೆ. ನಿಂತ ಆಕಾರವನ್ನು ಗಮನಿಸದೆ ಇದ್ದೀತು, ಚಲನೆಯನ್ನು ಗಮನಿಸದೆ ಬಿಡದು. ಆದ್ದರಿಂದ ಬೇಟೆಗಾರ ಪೊದೆಯನ್ನೋ ಮರದ ಬೊಡ್ಡೆಯನ್ನೋ ಬೆನ್ನಿಗಿಟ್ಟುಕೊಂಡು ತನ್ನ ಆಕಾರದ ಅಂಚನ್ನು ಅಳಿಸಿಕೊಳ್ಳುತ್ತಾನೆ, ಮುಖಕ್ಕೂ ಕೈಗೂ ಮುಸುಕು ಹಾಕುತ್ತಾನೆ. ಜಿಂಕೆಯ ತಲೆ ಮರದ ಹಿಂದೆ ಮರೆಯಾದ ಗಳಿಗೆಯನ್ನೇ ಕಾದು ಹೆದೆಯನ್ನು ಎಳೆಯುತ್ತಾನೆ. ಮೂರನೆಯದು ಕಿವಿ. ಅದಕ್ಕಾಗಿ ಕಾಲಡಿಯ ತರಗೆಲೆಯನ್ನು ಮೊದಲೇ ಸರಿಸಿಡುತ್ತಾನೆ, ಗಾಳಿ ಬೀಸಿ ಎಲೆಗಳು ಸದ್ದು ಮಾಡುವಾಗ ಮಾತ್ರ ಅಲುಗುತ್ತಾನೆ.

ಇಷ್ಟೆಲ್ಲ ಆದ ಮೇಲೆ ಬಾಣ ಹೊರಡುತ್ತದೆ. ಅದು ಸಾಮಾನ್ಯವಾಗಿ ಪ್ರಾಣಿಯನ್ನು ನಿಂತಲ್ಲಿಯೇ ಕೊಲ್ಲುವುದಿಲ್ಲ, ರಕ್ತ ಸೋರಿಸಿ ಕೊಲ್ಲುತ್ತದೆ. ಎದೆಗೆ ತಾಗಿದರೆ ಅರ್ಧ ಗಂಟೆ, ಹೊಟ್ಟೆಗೆ ತಾಗಿದರೆ ಹಲವು ಗಂಟೆ ಕಾದು ಆಮೇಲೆ ರಕ್ತದ ಜಾಡು ಹಿಡಿದು ಹೋಗಬೇಕೆಂದು ಬೇಟೆಯ ಪಾಠವೇ ಹೇಳುತ್ತದೆ. ಕಾಯುವುದೇಕೆ? ಬೇಗ ಹೋದರೆ ನೊಂದ ಪ್ರಾಣಿ ಎದ್ದು ಮತ್ತೆ ಓಡುತ್ತದೆ. ಸಾಯುವ ಜಿಂಕೆಗೂ ತಾನು ಕಾಣಬಾರದು ಎಂಬುದೇ ಈ ವಿದ್ಯೆಯ ಕೊನೆಯ ಪಾಠ.

ಬಾಣಕ್ಕಿಂತ ಮೊದಲೇ ಜಮೆಯಾದ ಪಾಪ

ಈ ಬೇಟೆಗೆ ಒಂದು ಸಮರ್ಥನೆ ಇದೆ, ಅದನ್ನು ನ್ಯಾಯವಾಗಿ ಕೇಳಬೇಕು. ಹೊರಗಿನಿಂದ ತಂದು ಬಿಟ್ಟ ಜಿಂಕೆ ಅಲ್ಲಿನ ಕಾಡನ್ನೂ ಬೆಳೆಯನ್ನೂ ತಿಂದು ಹಾಕುತ್ತಿದೆ. ಹುಲಿಯಿಲ್ಲದ ನಾಡಿನಲ್ಲಿ ಅದರ ಸಂಖ್ಯೆಗೆ ಕಡಿವಾಣವಿಲ್ಲ. ಗೂಡಿನಲ್ಲಿ ಕೂಡಿಟ್ಟು ಕೊಂದ ಕೋಳಿಗಿಂತ ಕಾಡಿನಲ್ಲಿ ಸ್ವತಂತ್ರವಾಗಿ ಬದುಕಿ ಸತ್ತ ಜಿಂಕೆಯ ಪಾಡು ಮೇಲು. ಬಿಲ್ಲುಗಾರ ಹತ್ತಿರ ಬರಬೇಕು, ಕಷ್ಟಪಡಬೇಕು, ಜಿಂಕೆಗೆ ತಪ್ಪಿಸಿಕೊಳ್ಳುವ ಅವಕಾಶವಿದೆ. ಆದ್ದರಿಂದ ಇದು ಬಂದೂಕಿಗಿಂತ ಧರ್ಮಯುದ್ಧ. ವಿದೇಶದಲ್ಲಿ ಬೆಳೆದ ಜೈನ ಯುವಕನೊಬ್ಬ ಈ ವಾದವನ್ನು ಕೇಳಿ ತಲೆದೂಗಿದರೆ ಆಶ್ಚರ್ಯವಿಲ್ಲ. ಅವನಿಗೆ ಉತ್ತರ ಕೊಡಲು ‘ಪಾಪ’ ಎಂಬ ಒಂದೇ ಪದ ಸಾಲದು.

ಉತ್ತರ ಇಷ್ಟು. ಕೋಳಿಗೂಡಿನ ಕ್ರೌರ್ಯ ಕೋಳಿಗೂಡಿನ ವಿರುದ್ಧದ ವಾದವೇ ಹೊರತು ಬಾಣದ ಪರವಾದುದಲ್ಲ. ಒಂದು ಖಾತೆಯ ನಷ್ಟವನ್ನು ತೋರಿಸಿ ಮತ್ತೊಂದು ಖಾತೆಯಲ್ಲಿ ಲಾಭ ಬರೆಯಲಾಗದು. ಸಂಖ್ಯೆಯ ಸಮಸ್ಯೆ ನಿಜವೇ ಇರಬಹುದು, ಆದರೆ ಅದನ್ನು ಸೃಷ್ಟಿಸಿದ್ದು ಜಿಂಕೆಯಲ್ಲ, ಹಡಗಿನಲ್ಲಿ ಅದನ್ನು ಕೊಂಡೊಯ್ದ ಮನುಷ್ಯ. ಇನ್ನು ‘ಧರ್ಮಯುದ್ಧ’ ಎಂಬ ಮಾತು ಬೇಟೆಯ ವಿವರಣೆಯಿಂದಲೇ ಮುರಿದು ಬೀಳುತ್ತದೆ. ಯುದ್ಧವೆಂದರೆ ಎದುರಾಳಿಗೆ ಎದುರಾಳಿ ಕಾಣಬೇಕು. ಇಲ್ಲಿ ಇಡೀ ಪರಿಶ್ರಮವಿರುವುದು ಕಾಣದಿರುವುದಕ್ಕೆ. ಕಷ್ಟಪಟ್ಟು ಮಾಡಿದ ಮಾತ್ರಕ್ಕೆ ವಂಚನೆ ತಪಸ್ಸಾಗುವುದಿಲ್ಲ.

ಹಸಿವಿನಿಂದ ಕಾಡಿಗೆ ಹೋದ ಗಿರಿಜನರ ಪ್ರಶ್ನೆ ಬೇರೆ, ಹೊಟ್ಟೆ ತುಂಬಿದವನ ವಿನೋದದ ಪ್ರಶ್ನೆ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಮೊದಲನೆಯವರನ್ನು ಹಳಿಯುವುದು ಅಹಿಂಸೆಯಲ್ಲ, ಅಹಂಕಾರ.

ತತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕರ್ಮಾಸ್ರವದ ಆಧಾರಗಳನ್ನು ಎಣಿಸುವ ಕ್ರಮ ಇಲ್ಲಿ ನೆನಪಾಗಬೇಕು. ಸಂರಂಭವೆಂದರೆ ಸಂಕಲ್ಪ, ಸಮಾರಂಭವೆಂದರೆ ಸಾಧನಗಳ ಸಿದ್ಧತೆ, ಆರಂಭವೆಂದರೆ ಕ್ರಿಯೆಯ ತೊಡಗುವಿಕೆ. ಈ ಮೂರನ್ನು ಮನಸ್ಸು, ಮಾತು, ಕಾಯಗಳಿಂದ. ಅದನ್ನು ತಾನೇ ಮಾಡುವ, ಮಾಡಿಸುವ, ಅನುಮೋದಿಸುವ ಮೂರು ಬಗೆಗಳಿಂದ. ಮತ್ತೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಂದ ಗುಣಿಸಿದರೆ 108. ಗಾಳಿ ನೋಡುವುದು, ಮುಸುಕು ಹಾಕುವುದು, ತರಗೆಲೆ ಸರಿಸುವುದು ಎಲ್ಲವೂ ಸಮಾರಂಭದ ಬಾಬ್ತು. ಮರೆಯಲ್ಲಿ ಕೂತ ಕಾಯ ಮಾಯಾ ಕಷಾಯದ ನೇರ ರೂಪ. ಬೇಟೆಗಾರ ಸಂಜೆ ಬರಿಗೈಯಲ್ಲಿ ಮನೆಗೆ ಬಂದರೂ ಇವು ಖಾತೆಗೆ ಏರಿ ಆಗಿದೆ. ವ್ಯಾಪಾರಿಗೆ ಇದು ಪರಿಚಿತ ನಿಯಮ: ಹಣ ಕೈ ಬದಲಾಯಿಸಿದಾಗಲ್ಲ, ಹೊಣೆ ಹುಟ್ಟಿದಾಗಲೇ ಲೆಕ್ಕ ಬರೆಯಬೇಕು. ಕನ್ನಡಿಗರಿಗಂತೂ ಇದು ಹೊಸದಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರ ಜನ್ಮಜನ್ಮಾಂತರದಲ್ಲಿ ಬೆಲೆ ತೆತ್ತ ಕಥೆಯನ್ನು ಜನ್ನ 1209ರಲ್ಲಿಯೇ ಈ ನುಡಿಗೆ ಕೊಟ್ಟಿದ್ದಾನೆ.

ಭಾರತದ ಕಾನೂನು ಕೂಡ ಈ ಮಟ್ಟಿಗೆ ಶಾಸ್ತ್ರದ ಪಕ್ಷದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಬಲೆ ಒಡ್ಡುವುದು, ಅಟ್ಟುವುದು, ಆಮಿಷ ಇಡುವುದು, ಇವುಗಳಿಗೆ ಯತ್ನಿಸುವುದು ಸಹ ಬೇಟೆಯೇ. ಕೃಷ್ಣಮೃಗ ಮೊದಲ ಅನುಸೂಚಿಯಲ್ಲಿದೆ. ಅದನ್ನು ಬೇಟೆಯಾಡಿದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ.

ಅನರ್ಥದಂಡದ ಐದು ಕಲಮುಗಳು

ಇಷ್ಟರವರೆಗೆ ಶ್ರಾವಕ ನೆಮ್ಮದಿಯಾಗಿ ಓದಬಹುದು. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರ ಆ ನೆಮ್ಮದಿಯನ್ನು ಕೆಡಿಸುತ್ತದೆ. ಪ್ರಯೋಜನವಿಲ್ಲದ ಹಿಂಸೆಗೆ ಅಲ್ಲಿ ಅನರ್ಥದಂಡವೆಂದು ಹೆಸರು, ಅದಕ್ಕೆ ಐದು ಕಲಮುಗಳು. ಪಾಪದ ದಾರಿ ಹೇಳಿಕೊಡುವುದು ಪಾಪೋಪದೇಶ. ಆಯುಧ ಒದಗಿಸುವುದು ಹಿಂಸಾದಾನ. ಮತ್ತೊಬ್ಬರ ಕೇಡನ್ನು ಮನಸ್ಸಿನಲ್ಲಿ ನೆನೆಯುವುದು ಅಪಧ್ಯಾನ. ಚಿತ್ತ ಕೆಡಿಸುವ ಕಥನಗಳಿಗೆ ಕಿವಿಗೊಡುವುದು ದುಃಶ್ರುತಿ. ಅಜಾಗರೂಕತೆಯಿಂದ ಮಣ್ಣು, ನೀರು, ಬೆಂಕಿ, ಸಸ್ಯಗಳನ್ನು ಹಾಳು ಮಾಡುತ್ತ ನಡೆಯುವುದು ಪ್ರಮಾದಚರ್ಯೆ.

ಮೊದಲ ನಾಲ್ಕನ್ನು ಬಿಲ್ಲುಬೇಟೆಯ ಲೋಕಕ್ಕೆ ಅನ್ವಯಿಸುವುದು ಸುಲಭ. ಜಿಂಕೆಯಿಂದ ಮರೆಯಾಗುವ ಉಪಾಯವನ್ನು ಕಲಿಸುವುದು ಪಾಪೋಪದೇಶ. ಮೃಗಗಳು ಇಂತಹ ಎಡೆಯಲ್ಲಿವೆ ಎಂದು ಬೇಟೆಗಾರನಿಗೆ ಹೇಳುವುದನ್ನೇ ಅಕಲಂಕರ ರಾಜವಾರ್ತಿಕ ಇದರ ಉದಾಹರಣೆಯಾಗಿ ಕೊಡುತ್ತದೆ. ಬಿಲ್ಲು ಮಾರುವುದು ಹಿಂಸಾದಾನ, ಆ ದೃಶ್ಯಗಳನ್ನು ನೋಡಿ ಪುಳಕಗೊಳ್ಳುವುದು ದುಃಶ್ರುತಿ. ಹೀಗೆ ನಾಲ್ಕು ಕಲಮುಗಳನ್ನು ಯಾರದೋ ಖಾತೆಗೆ ಬರೆದ ಮೇಲೆ ಐದನೆಯದು ಉಳಿಯುತ್ತದೆ. ಪ್ರಮಾದಚರ್ಯೆಯ ಪುಟ ತೆರೆದರೆ ಅಲ್ಲಿ ಟೆಕ್ಸಾಸಿನ ಬಿಲ್ಲುಗಾರನ ಹೆಸರಿಲ್ಲ. ಅಲ್ಲಿರುವುದು ಚೆನ್ನೈ ನಗರದ ವಿಳಾಸ.

ಗಿಂಡಿಯಲ್ಲಿ ಯಾರು ಮರಸು ಕೂತಿದ್ದಾರೆ?

ಮಹಾನಗರದ ಒಳಗೆಯೇ ರಾಷ್ಟ್ರೀಯ ಉದ್ಯಾನವಿರುವ ಊರುಗಳು ದೇಶದಲ್ಲಿ ಕೆಲವೇ. ಚೆನ್ನೈ ಅವುಗಳಲ್ಲಿ ಒಂದು. ಗಿಂಡಿಯ ಕಾಡು ಒಂದು ಕಾಲಕ್ಕೆ ಬ್ರಿಟಿಷರ ಬೇಟೆಯ ತಾಣವಾಗಿತ್ತು. 1910ರಲ್ಲಿ ಮೀಸಲು ಅರಣ್ಯವೆಂದು ಘೋಷಿತವಾದಾಗ ಅದರ ವಿಸ್ತೀರ್ಣ ಸುಮಾರು 505 ಹೆಕ್ಟೇರ್. ಇಂದು ರಾಷ್ಟ್ರೀಯ ಉದ್ಯಾನವಾಗಿ ಉಳಿದಿರುವುದು ಸುಮಾರು 270 ಹೆಕ್ಟೇರ್. 1961ರಿಂದ 1977ರವರೆಗಿನ ಅವಧಿಯೊಂದರಲ್ಲೇ ಸುಮಾರು 172 ಹೆಕ್ಟೇರ್ ಕಾಡು ವಿದ್ಯಾಸಂಸ್ಥೆಗಳಿಗೂ ಸ್ಮಾರಕಗಳಿಗೂ ಹೋಯಿತು. ಪಕ್ಕದ ಐಐಟಿ ಮದ್ರಾಸ್ ಆವರಣವೂ ಇದೇ ಕಾಡಿನಿಂದ ಮೂಡಿದ್ದು. ಅಲ್ಲಿ ಇಂದಿಗೂ ಚುಕ್ಕೆ ಜಿಂಕೆಯೂ ಕೃಷ್ಣಮೃಗವೂ ಹಾಸ್ಟೆಲುಗಳ ನಡುವೆ ಬದುಕುತ್ತಿವೆ.

ಇಲ್ಲಿ ಬಿಲ್ಲು ಹಿಡಿದವರು ಯಾರೂ ಇಲ್ಲ. ಆದರೂ ಬೇಟೆಗಾರ ದಿನವಿಡೀ ಶ್ರಮಿಸಿ ಸೋಲಿಸುವ ಆ ಮೂವರು ಕಾವಲುಗಾರರನ್ನು ನಗರ ಯಾವ ಶ್ರಮವೂ ಇಲ್ಲದೆ ಸೋಲಿಸಿದೆ.

ಮೊದಲು ಮೂಗು. ಬೇಟೆಯಲ್ಲಿ ‘ದೀವ’ ಎಂಬುದೊಂದಿದೆ. ಕಾಡಿನ ಮೃಗವನ್ನು ಸೆಳೆಯಲು ಕಟ್ಟಿ ನಿಲ್ಲಿಸುವ ಸಾಕು ಮೃಗಕ್ಕೆ ಹಳಗನ್ನಡದ ಹೆಸರು ಅದು. ಗಿಂಡಿಯ ದೀವವೆಂದರೆ ಊಟದ ವಾಸನೆ ಹಿಡಿದ ಪ್ಲಾಸ್ಟಿಕ್ ಚೀಲ. ಉಪ್ಪು, ಎಣ್ಣೆ, ಹಣ್ಣಿನ ವಾಸನೆಗೆ ಜಿಂಕೆ ಬಂದು ಚೀಲವನ್ನೇ ಮೆಲ್ಲುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಜಠರ ಸೇರಿದ ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಕ್ಕೂ ಸಾಗುವುದಿಲ್ಲ. ಉಂಡೆಗಟ್ಟಿ ಜಾಗ ಹಿಡಿಯುತ್ತದೆ. ಹೊಟ್ಟೆ ತುಂಬಿದಂತಿರುವಾಗಲೇ ಪ್ರಾಣಿ ಹಸಿವಿನಿಂದ ಸೊರಗಿ ಸಾಯುತ್ತದೆ. ಸತ್ತ ಜಿಂಕೆಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕ ಸುದ್ದಿ ಚೆನ್ನೈ ಪತ್ರಿಕೆಗಳಿಗೆ ಹೊಸದಲ್ಲ. ಬಿಲ್ಲುಗಾರ ಅರ್ಧ ಗಂಟೆ ಕಾಯುತ್ತಾನೆ. ಈ ಬಾಣ ಕಾಯಿಸುವುದು ವಾರಗಟ್ಟಲೆ.

ಎರಡನೆಯದು ಕಣ್ಣು. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದಿಂದಲೇ ಅಪಾಯವನ್ನು ಕಂಡು ಓಟದಿಂದ ತಪ್ಪಿಸಿಕೊಳ್ಳುವುದು ಅದರ ರಕ್ಷಣೆ. ಹುಲ್ಲುಗಾವಲಿನಲ್ಲಿ ಮುಳ್ಳುಪೊದೆ ಬೆಳೆದು, ಬಯಲಿನಲ್ಲಿ ಕಟ್ಟಡ ಎದ್ದು ನೋಟ ಮುಚ್ಚಿದಾಗ ಬೀದಿನಾಯಿಗಳ ಹಿಂಡು ಕಾಣದೆ ಹತ್ತಿರ ಬರುತ್ತದೆ. ಮರೆಯನ್ನು ಕಟ್ಟಿಕೊಟ್ಟವರು ಮನುಷ್ಯರು. ನಾಯಿಗಳನ್ನು ಸಾಕದೆ, ಸಂತಾನಹರಣವನ್ನೂ ಮಾಡಿಸದೆ, ಎಂಜಲಿನ ಮೇಲೆ ಬಿಟ್ಟವರೂ ಮನುಷ್ಯರು. ಮೂರನೆಯದು ಕಿವಿ. ಸರ್ದಾರ್ ಪಟೇಲ್ ರಸ್ತೆಯ ಪಕ್ಕದಲ್ಲಿ ಹಗಲಿರುಳು ಬದುಕುವ ಪ್ರಾಣಿಗೆ ತರಗೆಲೆಯ ಸದ್ದು ಕೇಳಿಸೀತೆ?

ಹೀಗೆ ಗಿಂಡಿಯಲ್ಲಿ ಜಿಂಕೆ ಬಿದ್ದಾಗ ಕೊಂದವನು ಯಾರಿಗೂ ಕಾಣುವುದಿಲ್ಲ. ಜಿಂಕೆಗೂ ಕಾಣುವುದಿಲ್ಲ, ಕಾನೂನಿಗೂ ಕಾಣುವುದಿಲ್ಲ, ತನಗೆ ತಾನೇ ಸಹ ಕಾಣುವುದಿಲ್ಲ. ನೆಲದ ಬಿಲ್ಲುಗಾರ ಎಂದೂ ಮುಟ್ಟಲಾರದ ನೈಪುಣ್ಯ ಇದು. ಬಿಲ್ಲುಗಾರನಿಗೆ ತಾನು ಮರೆಯಲ್ಲಿ ಕೂತಿದ್ದೇನೆಂಬುದಾದರೂ ಗೊತ್ತಿರುತ್ತದೆ.

ಜೀವದಯೆಯ ಜಮಾಖರ್ಚು

‘ಇದರಲ್ಲಿ ಜೈನರ ಪಾಲೆಷ್ಟು? ಕೋಟಿಗೆ ಸಮೀಪದ ಜನಸಂಖ್ಯೆಯ ನಗರದಲ್ಲಿ ಒಂದು ಸಣ್ಣ ಸಮಾಜವನ್ನೇ ದೂರುವುದೇಕೆ?’ ಎಂಬ ಪ್ರಶ್ನೆ ಸಹಜ. ಪಾಲು ಸಣ್ಣದಿರಬಹುದು. ಆದರೆ ಅಹಿಂಸೆಯನ್ನು ತನ್ನ ಗುರುತಿನ ಚೀಟಿಯಾಗಿ ತೋರಿಸುವ ಸಮಾಜ ಸರಾಸರಿಯ ಹಿಂದೆ ಮರೆಯಾಗಲಾರದು. ಪರ್ಯೂಷಣದ 9 ದಿನ ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚಿಸುವ ನಿರ್ಣಯಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ವಾದ ನಡೆದು, 2008ರಲ್ಲಿ ಆ ನಿರ್ಣಯ ಊರ್ಜಿತವಾಯಿತು. ಬೇರೆಯವರ ಜೀವನೋಪಾಯವನ್ನು 9 ದಿನ ನಿಲ್ಲಿಸಲು ನ್ಯಾಯಾಲಯಕ್ಕೆ ಹೋಗಬಲ್ಲ ಧರ್ಮಶ್ರದ್ಧೆಯು ತನ್ನದೇ ಉತ್ಸವದ ಪ್ರಸಾದವನ್ನು ಯಾವ ತಟ್ಟೆಯಲ್ಲಿ ಹಂಚಬೇಕು, ಪಾನಕದ ಲೋಟ ಎಲ್ಲಿ ಹೋಗಿ ಬೀಳುತ್ತದೆ ಎಂದು ಕೇಳಿಕೊಳ್ಳಲು ಯಾರ ಅಪ್ಪಣೆಗೆ ಕಾಯುತ್ತಿದೆ? ತಮಿಳುನಾಡು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕನ್ನು 2019ರ ಜನವರಿ 1ರಿಂದಲೇ ನಿಷೇಧಿಸಿದೆ. ವ್ರತಧಾರಿಯು ಸರ್ಕಾರಿ ಆದೇಶಕ್ಕಿಂತ ಹಿಂದೆ ಉಳಿಯುವುದು ನಾಚಿಕೆಯ ಸಂಗತಿ.

ವ್ಯಾಪಾರಿಗಳು ಇಲ್ಲಿ ‘ಉದ್ಯೋಗಿ ಹಿಂಸೆ’ಯ ಆಶ್ರಯ ಪಡೆಯುತ್ತಾರೆ. ಜೀವನೋಪಾಯದಲ್ಲಿ ಅನಿವಾರ್ಯವಾದ ಹಿಂಸೆ ಗೃಹಸ್ಥನಿಗೆ ಕ್ಷಮ್ಯ ಎಂಬುದು ನಿಜ. ಆದರೆ ಶ್ರಾವಕಾಚಾರಗಳೇ ಕಾಡು ಕಡಿಯುವ, ವಿಷ ಮಾರುವ ಉದ್ಯೋಗಗಳು ಸೇರಿದಂತೆ 15 ಕರ್ಮಾದಾನಗಳನ್ನು ನಿಷೇಧಿಸಿವೆ. ಉದ್ಯೋಗವೆಂದ ಮಾತ್ರಕ್ಕೆ ಎಲ್ಲವೂ ಕ್ಷಮ್ಯವಾಗಿದ್ದರೆ ಆ ಪಟ್ಟಿಯ ಅಗತ್ಯವೇ ಇರಲಿಲ್ಲ. ನಿಷೇಧಿತ ತೆಳು ಚೀಲವನ್ನು ಹಿಂಬಾಗಿಲಿನಲ್ಲಿ ಮಾರಿ ಮುಂಬಾಗಿಲಿನಲ್ಲಿ ಗೋಶಾಲೆಗೆ ರಸೀದಿ ಹರಿಸುವವನು ಯಾರೇ ಆಗಲಿ, ಅವನ ಎರಡು ನಮೂದುಗಳು ಒಂದನ್ನೊಂದು ವಜಾ ಮಾಡುವುದಿಲ್ಲ. ದಾನ ದಾನದ ಖಾತೆಯಲ್ಲಿಯೂ ಹಿಂಸೆ ಹಿಂಸೆಯ ಖಾತೆಯಲ್ಲಿಯೂ ನಿಲ್ಲುತ್ತವೆ.

ಜೀವದಯಾ ನಿಧಿಗಳ ದಾರಿಯನ್ನೂ ಪ್ರಶ್ನಿಸಬೇಕು. ಪಾಂಜರಾಪೋಳ, ಗೋಶಾಲೆ, ಪಾರಿವಾಳಕ್ಕೆ ಕಾಳು ಇವು ಹಳೆಯ ರೂಢಿಗಳು. ಗೋಡೆಯ ಮೇಲೆ ದಾನಿಯ ಹೆಸರು ಕೆತ್ತಲು ಅನುಕೂಲವಾದವು. ಹುಲ್ಲುಗಾವಲಿನ ಮುಳ್ಳುಪೊದೆ ಕೀಳಿಸಿದರೆ, ಬೀದಿನಾಯಿಗೆ ಸಂತಾನಹರಣ ಮಾಡಿಸಿದರೆ ಹೆಸರು ಕೆತ್ತಲು ಕಲ್ಲು ಸಿಗುವುದಿಲ್ಲ. ಕಾನೂನಿನ ಅಡ್ಡಿಯಂತೂ ಇಲ್ಲ. ಅರಣ್ಯ ಮತ್ತು ವನ್ಯಜೀವಿ ಸಹಿತ ಪರಿಸರದ ಸಂರಕ್ಷಣೆ ಧರ್ಮಾರ್ಥ ಉದ್ದೇಶವೆಂದು ಆದಾಯ ತೆರಿಗೆ ಕಾನೂನಿನಲ್ಲಿ 2009ರಲ್ಲಿಯೇ ಸ್ಪಷ್ಟವಾಗಿ ಸೇರಿಸಲಾಯಿತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಪಟ್ಟಿಯಲ್ಲಿಯೂ ಸಸ್ಯ ಪ್ರಾಣಿ ಸಂರಕ್ಷಣೆ ಇದೆ. ಕೊರತೆ ಇರುವುದು ಕಾನೂನಿನಲ್ಲಿ ಅಲ್ಲ, ಟ್ರಸ್ಟಿಗಳ ಕಲ್ಪನೆಯಲ್ಲಿ.

ಸ್ಮಾರಕಗಳ ರಾಜಕಾರಣ

ನೆಲದ ಪ್ರಶ್ನೆ ರಾಜಕೀಯದ್ದು. ಗಿಂಡಿಯಲ್ಲಿ ಗಾಂಧಿ ಮಂಟಪ 1956ರಲ್ಲಿ ಎದ್ದಿತು. ಮುಂದೆ ರಾಜಾಜಿ, ಕಾಮರಾಜರ ಸ್ಮಾರಕಗಳು ಬಂದವು. ಅಹಿಂಸೆಯ ಮಹಾಪುರುಷನಿಗೆ ಕಲ್ಲಿನ ಗೌರವ ಸಲ್ಲಿಸಲು ಮೂಕಪ್ರಾಣಿಗಳ ಬೀಡನ್ನೇ ಆರಿಸಿಕೊಂಡ ವಿಪರ್ಯಾಸವನ್ನು ಅಂದಿನವರು ಗಮನಿಸಿದಂತಿಲ್ಲ. ಪಕ್ಷ ಯಾವುದೇ ಇರಲಿ, ಕಾಡು ಎಂದರೆ ಖಾಲಿ ನಿವೇಶನ ಎಂಬ ಭಾವನೆ ಎಲ್ಲ ಸರ್ಕಾರಗಳಿಗೂ ಸಾಮಾನ್ಯ. ಇಂದು ರಾಷ್ಟ್ರೀಯ ಉದ್ಯಾನದ ಗಡಿ ಬದಲಿಸಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕೆಂದು ಕಾನೂನಿದೆ. ಆದರೆ ಶಿಫಾರಸು ಎಂಬುದು ಕಾಗದ. ಕಾಗದಕ್ಕೆ ಬೆನ್ನೆಲುಬು ಕೊಡುವುದು ಮತದಾರರ ಎಚ್ಚರ. ಮತ ಕೇಳಲು ಬಂದವರಿಗೆ ಜೈನ ಸಂಘಗಳು ಸಲ್ಲಿಸುವ ಮನವಿಗಳಲ್ಲಿ ಅಲ್ಪಸಂಖ್ಯಾತ ಸವಲತ್ತಿನ ಪಕ್ಕದಲ್ಲಿ ಗಿಂಡಿಯ ಒಂದು ಸಾಲಿಗೂ ಜಾಗವಿರಬೇಕು.

ಈ ನಗರಕ್ಕೆ ಆ ಸಾಲನ್ನು ಬರೆಯುವ ವಿಶೇಷ ಕಾರಣವೊಂದಿದೆ. ಗಿಂಡಿಯಿಂದ ಕೆಲವೇ ಕಿಲೋಮೀಟರ್ ದೂರದ ಮೈಲಾಪುರದಲ್ಲಿ ಒಂದು ಕಾಲಕ್ಕೆ ನೇಮಿನಾಥ ತೀರ್ಥಂಕರರ ಬಸದಿ ಇತ್ತು. ಕಡಲು ಏರಿ ಬಂದಾಗ ಆ ಬಿಂಬವನ್ನು ಮೇಲ್ ಸಿತ್ತಾಮೂರಿಗೆ ಒಯ್ಯಲಾಯಿತೆಂಬುದು ತಮಿಳು ಜೈನರ ಪರಂಪರೆಯ ನಂಬಿಕೆ. ನೇಮಿಕುಮಾರನ ವೈರಾಗ್ಯದ ಕಾರಣವೇ ಜಿಂಕೆಗಳು. ಮದುವೆಯ ದಿಬ್ಬಣ ಸಾಗುವಾಗ ದೊಡ್ಡಿಯಲ್ಲಿ ಕೂಡಿಟ್ಟ ಮೃಗಗಳ ಆಕ್ರಂದನ ಅವನಿಗೆ ಕೇಳಿಸಿತು. ಅವನು ಬೇಟೆಯಾಡಿರಲಿಲ್ಲ, ಆಜ್ಞೆ ಕೊಟ್ಟಿರಲಿಲ್ಲ. ಔತಣ ಅವನ ಹೆಸರಿನಲ್ಲಿತ್ತು, ಅಷ್ಟೇ. ಆ ಅಷ್ಟನ್ನೇ ತನ್ನ ಖಾತೆಗೆ ಬರೆದುಕೊಂಡು ರಥ ತಿರುಗಿಸಿದ. ‘ನನ್ನ ಕೈಯಲ್ಲಿ ಬಿಲ್ಲಿಲ್ಲ’ ಎಂಬ ಸೊನ್ನೆಯನ್ನು ಅವನು ಬರೆಯಲಿಲ್ಲ.

ಗುಣಭದ್ರಾಚಾರ್ಯರ ಉತ್ತರಪುರಾಣ ಮತ್ತೊಂದು ಬಿಲ್ಲುಗಾರನ ಕಥೆಯನ್ನು ಹೇಳುತ್ತದೆ. ಪುರೂರವನೆಂಬ ಬೇಡ ಕಾಡಿನಲ್ಲಿ ದೂರದ ಆಕಾರವೊಂದನ್ನು ಜಿಂಕೆಯೆಂದು ಬಗೆದು ಬಾಣ ಹೂಡಿದ. ಪಕ್ಕದಲ್ಲಿದ್ದ ಹೆಂಡತಿ ಕಾಳಿಕೆ ತಡೆದಳು: ಅದು ಮೃಗವಲ್ಲ, ಪೂಜ್ಯರು. ಬಾಣ ಇಳಿಯಿತು, ಸಾಗರಸೇನ ಮುನಿಗಳ ಬಳಿ ವ್ರತ ಸ್ವೀಕಾರವಾಯಿತು, ಅನೇಕ ಭವಗಳ ನಂತರ ಆ ಬೇಡನೇ ವರ್ಧಮಾನನಾದ. ಮಹಾವೀರನ ಭವಾವಳಿ ಆರಂಭವಾಗುವುದು ಮರೆಯಲ್ಲಿ ನಿಂತ ಬಿಲ್ಲುಗಾರನಿಂದ. ಅವನನ್ನು ಉಳಿಸಿದ್ದು ಅವನ ಸದ್ಗುಣವಲ್ಲ, ಪಕ್ಕದಲ್ಲಿದ್ದವಳು ಬಾಯಿ ತೆರೆದು ಆಡಿದ ಮಾತು.

ಚೆನ್ನೈನ ಸಂಘಗಳ ಮುಂದಿನ ವಾರ್ಷಿಕ ಸಭೆಯಲ್ಲಿ ಯಾರಾದರೊಬ್ಬರು ಎದ್ದು ಆ ಮಾತನ್ನು ಆಡಬೇಕು. ಉತ್ಸವಗಳಲ್ಲಿ ಎಸೆಯುವ ಪ್ಲಾಸ್ಟಿಕ್ ಬೇಡವೆಂದು ನಿರ್ಣಯ. ಜೀವದಯಾ ನಿಧಿಯ ಒಂದು ಭಾಗ ಅರಣ್ಯ ಇಲಾಖೆಯ ಒಪ್ಪಿಗೆಯೊಂದಿಗೆ ಗಿಂಡಿಯ ಹುಲ್ಲುಗಾವಲಿಗೂ ಸುತ್ತಲಿನ ನಾಯಿಗಳ ಸಂತಾನಹರಣಕ್ಕೂ. ಉದ್ಯಾನದ ಒಂದು ಅಡಿ ನೆಲವೂ ಇನ್ನು ಯಾರ ಸ್ಮಾರಕಕ್ಕೂ ಬೇಡವೆಂದು, ತೀರ್ಥಂಕರರ ಸ್ಮಾರಕಕ್ಕೂ ಬೇಡವೆಂದು, ಸರ್ಕಾರಕ್ಕೆ ಮನವಿ. ಮೂರೂ ಕಾರ್ಯಸೂಚಿಯ ಒಂದೇ ಪುಟದಲ್ಲಿ ಹಿಡಿಯುತ್ತವೆ. ಅವು ಅಂಗೀಕಾರವಾಗುವವರೆಗೆ ‘ಬೇಟೆ’ ಎಂಬ ಬಾಬ್ತಿನ ಎದುರಿನ ಸೊನ್ನೆಯನ್ನು ಯಾವ ಪ್ರಾಮಾಣಿಕ ಪರಿಶೋಧಕನೂ ದೃಢೀಕರಿಸಲಾರ.